ಹಿಂಬದಿ ಇಲ್ಲದ ಹೊಲಿಗೆ

ಹಾಸಿಗೆಯನ್ನೋ ಮದುವೆಯ ಉಡುಗೊರೆಯನ್ನೋ ಗಂಟು ಕಟ್ಟಲು, ಬಡಿಸಿಟ್ಟ ಊಟವನ್ನು ಮುಚ್ಚಿಡಲು ಕೊರಿಯಾದವರು ಬಳಸುತ್ತಿದ್ದ ಚೌಕ ಬಟ್ಟೆಗೆ ಬೊಜಾಗಿ ಎಂದು ಹೆಸರು. ಅದನ್ನೇ ಉಳಿಕೆ ತುಂಡುಗಳನ್ನು ಕೂಡಿಸಿ ಹೊಲಿದರೆ ಜೊಗಾಕ್‌ಬೊ ಎನಿಸಿಕೊಳ್ಳುತ್ತದೆ. ಸಿಯೋಲ್‌ನಲ್ಲಿ ವಾಸವಿದ್ದಾಗ ವಾರಕ್ಕೊಮ್ಮೆ ಹಿರಿಯ ಮಹಿಳೆಯೊಬ್ಬರ ಬಳಿ ಇದನ್ನು ಕಲಿತೆ. ಅಜ್ಜಿ ಹಳೆಯ ಸೀರೆಗಳಿಂದ ಕೌದಿ ಹೊಲಿಯುವುದನ್ನು ನೋಡಿ ಬೆಳೆದವಳಾದ್ದರಿಂದ, ತುಂಡು ಕೂಡಿಸುವುದು ಯಾವ ಮಹಾವಿದ್ಯೆ ಎಂಬ ಜಂಬ ನನಗಿತ್ತು. ಕಲಿಸುತ್ತಿದ್ದ ಆ ಹಿರಿಯ ಮಹಿಳೆ ತಾವು ಹೊಲಿದ ಬಟ್ಟೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದರ ಮುಂಬದಿ ಯಾವುದು ಹೇಳು ಎಂದಾಗ ಆ ಜಂಬ ಇಳಿಯಿತು.

ಕೌದಿಯಲ್ಲಿ ಪದರದ ಮೇಲೆ ಪದರವಿರುವುದರಿಂದ ಬಿಚ್ಚಿದ ಎಳೆಗಳೆಲ್ಲ ಒಳಗೆ ಅಡಗಿಹೋಗುತ್ತವೆ. ಬೇಸಿಗೆಯ ಜೊಗಾಕ್‌ಬೊಗೆ ಅಸ್ತರಿಲ್ಲ. ಅದಕ್ಕೆ ಬಳಸುವ ಮೋಶಿ, ತುರಿಚೆಯ ಕುಟುಂಬಕ್ಕೆ ಸೇರಿದ ಗಿಡದ ನಾರಿನಿಂದ ನೇಯ್ದ, ಆಚೆಯ ಬೆಳಕು ಕಾಣುವಷ್ಟು ತೆಳುವಾದ ಬಟ್ಟೆ. ಹನ್‌ಸಾನ್ ಪ್ರದೇಶದ ಮೋಶಿ ನೇಯ್ಗೆ 2011ರಲ್ಲಿ ಯುನೆಸ್ಕೊದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿದೆ. ಇಂಥ ಬಟ್ಟೆಯಲ್ಲಿ ಏನನ್ನೂ ಬಚ್ಚಿಡಲಾಗದು. ಆದ್ದರಿಂದ ಎರಡು ತುಂಡುಗಳ ಅಂಚನ್ನು ಮಡಚಿ, ಮಡಿಕೆಯ ತುದಿಯಲ್ಲೇ ಒತ್ತೊತ್ತಾಗಿ ಸುತ್ತುಹೊಲಿಗೆ ಹಾಕಿ, ಬಿಡಿಸಿ, ಒಂದು ಬದಿಯ ಅಂಚನ್ನು ಚಿಕ್ಕದಾಗಿ ಕತ್ತರಿಸಿ, ಇನ್ನೊಂದರ ಅಂಚನ್ನು ಅದರ ಮೇಲೆ ಹೊದಿಸಿ ಮತ್ತೊಮ್ಮೆ ಹೊಲಿಯುತ್ತಾರೆ. ಇದಕ್ಕೆ ಸ್ಸಾಮ್‌ಸೋಲ್ ಎನ್ನುತ್ತಾರೆ. ಬೆಳಕಿಗೆ ಹಿಡಿದಾಗ ಈ ಜೋಡಣೆಗಳೇ ಕಪ್ಪು ಗೆರೆಗಳಾಗಿ ಕಾಣುತ್ತವೆ.

ಮೊದಲ ಬಟ್ಟೆ ಕೆಟ್ಟಿತು. ಅಂಚಿಗೆಂದು ಬಿಟ್ಟದ್ದು ಸಾಲದೆ ಎಳೆ ಬಿಚ್ಚಿಕೊಂಡವು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಕಾಗದದ ಮೇಲೆ ಚಿತ್ರ ಬರೆದುಕೊಂಡು ಅದಕ್ಕೆ ತಕ್ಕಂತೆ ಹೊಸ ಬಟ್ಟೆಯನ್ನು ತುಂಡರಿಸಿದ್ದು. ಹನ್‌ಬೊಕ್ ಉಡುಪಿನ ಬಾಗಿದ ತೋಳುಗಳನ್ನು ಕತ್ತರಿಸುವಾಗ ಉಳಿಯುವ ಚೂರುಗಳಿಂದ ಹುಟ್ಟಿದ ಕಲೆಯಿದು. ಚೂರು ಹೇಗಿದೆಯೋ ಹಾಗೆ ಹೊಲಿಗೆ ಸಾಗಬೇಕು. ಎರಡು ಚೂರು ಸೇರಿಸಿ, ಅದರ ಉದ್ದಕ್ಕೆ ಹೊಂದುವ ಮೂರನೆಯದನ್ನು ಹುಡುಕಿ, ಪ್ರತಿ ಹೊಲಿಗೆಯೂ ನೇರವಾಗಿ ಕೊನೆಗೊಳ್ಳುವಂತೆ ಬೆಳೆಸುತ್ತ ಹೋದರೆ ಮೂಲೆಗಳಲ್ಲಿ ಸುಕ್ಕು ಬೀಳುವುದಿಲ್ಲ. ಇದು ಗೊತ್ತಾದ ಮೇಲೆ ಜೊಗಾಕ್‌ಬೊಗಳನ್ನು ನೇರ ಗೆರೆ, ಚೌಕಗಳ ಚಿತ್ರಗಳಿಗೆ ಹೆಸರಾದ ಡಚ್ ಕಲಾವಿದ ಮೊಂಡ್ರಿಯಾನ್‌ನ ಚಿತ್ರಗಳಿಗೆ ಹೋಲಿಸುವ ಮಾತು ನನಗೆ ಅಷ್ಟಾಗಿ ರುಚಿಸುವುದಿಲ್ಲ. ಗೆರೆ ಇಲ್ಲಿ ಅಲಂಕಾರವಲ್ಲ, ಬಟ್ಟೆಯನ್ನು ಹಿಡಿದಿಟ್ಟಿರುವ ಕಟ್ಟು.

ಜೊಸೊನ್ ಅರಸೊತ್ತಿಗೆಯ ಕಾಲದಲ್ಲಿ ಇವನ್ನು ಹೊಲಿದ ಗೃಹಿಣಿಯರ ಹೆಸರುಗಳು ಉಳಿದಿಲ್ಲ. ಬೊ ಎಂಬ ಪದದ ಧ್ವನಿಯನ್ನು ಭಾಗ್ಯ ಎಂಬರ್ಥದ ಬೊಕ್‌ನೊಂದಿಗೆ ಹೊಂದಿಸುತ್ತಾರೆ. ಚೂರುಗಳನ್ನು ಒಂದೊಂದಾಗಿ ಕೂಡಿಸುತ್ತ ಹೋದಂತೆ ಆಯುಷ್ಯವೂ ಕೂಡುತ್ತದೆ ಎಂಬ ಹಾರೈಕೆಯಿತ್ತು. ಬಳಸಿದ ಗುರುತೇ ಇಲ್ಲದ ಹಳೆಯ ಬೊಜಾಗಿಗಳು ಸಿಕ್ಕಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ನನ್ನ ಎರಡನೆಯ ಬಟ್ಟೆ ಈಗ ಮನೆಯ ಪೂರ್ವದ ಕಿಟಕಿಯಲ್ಲಿ ತೂಗುತ್ತಿದೆ. ಎಡಮೂಲೆಯಲ್ಲಿ ಆತುರದಿಂದ ಹೊಲಿದ ಒಂದು ಜೋಡಣೆ ಉಳಿದವುಗಳಿಗಿಂತ ದಪ್ಪವಾಗಿದ್ದು, ಬೆಳಗಿನ ಬಿಸಿಲು ಬಿದ್ದಾಗಲೆಲ್ಲ ಅದೇ ಮೊದಲು ಕಣ್ಣಿಗೆ ಬೀಳುತ್ತದೆ.