ಸಣ್ಣ ಕಾಮಗಾರಿಗಳ ಟೆಂಡರ್: ಲಕೋಟೆ ತೆರೆಯುವ ಮೊದಲಿನ ಕೆಲಸ

ನಗರಾಡಳಿತದ ಕಾಮಗಾರಿ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದ ವರ್ಷಗಳಲ್ಲಿ ನನ್ನ ಪಾಲಿಗೆ ಬಂದದ್ದು ಹೆಚ್ಚಾಗಿ ಸಣ್ಣ ಕೆಲಸಗಳೇ. ಚರಂಡಿ ದುರಸ್ತಿ, ಪಾದಚಾರಿ ಮಾರ್ಗಕ್ಕೆ ಚಪ್ಪಡಿ ಹಾಸುವುದು, ಶಾಲೆಯ ಕಾಂಪೌಂಡ್ ಗೋಡೆ, ಉದ್ಯಾನದ ಬೇಲಿ, ಸೋರುವ ಚಾವಣಿ ಇವೇ ನನ್ನ ಕಡತಗಳಲ್ಲಿ ತುಂಬಿರುತ್ತಿದ್ದವು. ದೊಡ್ಡ ಸೇತುವೆಯ ಟೆಂಡರ್ ಆದರೆ ಅದರ ಹಿಂದೆ ಸಲಹೆಗಾರರು, ಕಾನೂನು ತಜ್ಞರು, ವಿನ್ಯಾಸಕಾರರು ಇರುತ್ತಾರೆ. ಸಣ್ಣ ಕಾಮಗಾರಿಗೆ ಇರುವುದು ಒಬ್ಬ ಎಂಜಿನಿಯರ್, ಒಬ್ಬ ಲೆಕ್ಕ ಸಹಾಯಕ ಮತ್ತು ಹಿಂದಿನ ವರ್ಷದ ಕಡತದಿಂದ ನಕಲು ಮಾಡಿದ ಟೆಂಡರ್ ದಾಖಲೆ. ಆದರೂ ಜನರು ದಿನವೂ ತುಳಿದು ಓಡಾಡುವುದು ಈ ಸಣ್ಣ ಕಾಮಗಾರಿಗಳ ಮೇಲೆಯೇ ಆದ್ದರಿಂದ, ಇವುಗಳ ಗುತ್ತಿಗೆಯನ್ನು ಹೇಗೆ ಕೊಡುತ್ತೇವೆ ಎಂಬುದನ್ನು ನಾನು ಎಂದೂ ಹಗುರವಾಗಿ ಕಾಣಲಿಲ್ಲ. ಗುತ್ತಿಗೆ ಯಾರಿಗೆ ಹೋಗುತ್ತದೆ, ಕೊನೆಗೆ ಎಷ್ಟು ಖರ್ಚಾಗುತ್ತದೆ ಎಂಬುದರ ಬಹುಪಾಲು ನಿರ್ಧಾರ ಪರಿಮಾಣ ಪಟ್ಟಿ, ಅಂದರೆ ಯಾವ ಕೆಲಸ ಎಷ್ಟು ಎಂಬ ಪಟ್ಟಿ, ಬರೆಯುವ ಮೇಜಿನ ಮೇಲೆಯೇ ಆಗಿಹೋಗಿರುತ್ತದೆ ಎಂಬುದು ಮನವರಿಕೆಯಾಗಲು ಮಾತ್ರ ನನಗೆ ಕೆಲವು ಕಹಿ ಅನುಭವಗಳು ಬೇಕಾದವು.

ಕ್ರಮವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಸ್ಥಳ ನೋಡಿ ಅಂದಾಜು ಪಟ್ಟಿ ತಯಾರಿಸುತ್ತೇವೆ, ಅದಕ್ಕೆ ತಾಂತ್ರಿಕ ಮಂಜೂರಾತಿ ಪಡೆಯುತ್ತೇವೆ, ಹಣ ಲಭ್ಯವಿದೆಯೆಂದು ಖಚಿತಪಡಿಸಿಕೊಂಡು ಟೆಂಡರ್ ಪ್ರಕಟಿಸುತ್ತೇವೆ. ಗುತ್ತಿಗೆದಾರರು ಠೇವಣಿಯೊಂದಿಗೆ ತಮ್ಮ ದರಗಳನ್ನು ಮೊಹರು ಮಾಡಿ ಸಲ್ಲಿಸುತ್ತಾರೆ. ನಿಗದಿತ ದಿನ ಎಲ್ಲರೆದುರು ಲಕೋಟೆ ತೆರೆದು, ಅರ್ಹತೆ ಪರಿಶೀಲಿಸಿ, ತುಲನಾತ್ಮಕ ಪಟ್ಟಿ ಮಾಡಿ, ಅರ್ಹರಲ್ಲಿ ಅತಿ ಕಡಿಮೆ ಮೊತ್ತ ನಮೂದಿಸಿದವರಿಗೆ ಕಾರ್ಯಾದೇಶ ಕೊಡುತ್ತೇವೆ. ಮೇಲ್ನೋಟಕ್ಕೆ ಇದರಲ್ಲಿ ಎಂಜಿನಿಯರನ ವಿವೇಚನೆಗೆ ಜಾಗವೇ ಇಲ್ಲ, ಕೂಡಿಸಿ ಕಳೆಯುವ ಲೆಕ್ಕವಷ್ಟೇ ಇದೆ ಎಂದು ನಾನೂ ಮೊದಲು ನಂಬಿದ್ದೆ.

ಆ ನಂಬಿಕೆಯನ್ನು ಅಲುಗಾಡಿಸಿದ್ದು ಇಳಿಜಾರಿನ ಬೀದಿಯೊಂದರ ಕಾಂಕ್ರೀಟ್ ಚರಂಡಿ. ಅಂದಾಜಿನಲ್ಲಿ ಮೂರು ಮುಖ್ಯ ಐಟಂಗಳಿದ್ದವು. ಲೆಕ್ಕ ಸುಲಭವಾಗಲೆಂದು ಹಣದ ಬದಲು ಅಂಶಗಳಲ್ಲಿ, ಅಂಕಿಗಳನ್ನು ದುಂಡಾಗಿಸಿ ಹೇಳುತ್ತೇನೆ. ಮಣ್ಣಿನ ಅಗೆತ 100 ಘನ ಮೀಟರ್, ಘನ ಮೀಟರಿಗೆ 10 ಅಂಶ; ಗಟ್ಟಿ ಬಂಡೆ ಒಡೆಯುವುದು 10 ಘನ ಮೀಟರ್, ತಲಾ 60 ಅಂಶ; ಕಾಂಕ್ರೀಟ್ 50 ಘನ ಮೀಟರ್, ತಲಾ 100 ಅಂಶ. ಒಟ್ಟು ಅಂದಾಜು 6600. ಮೊದಲನೆಯ ಗುತ್ತಿಗೆದಾರರು ಮಣ್ಣಿಗೆ 10, ಬಂಡೆಗೆ 150, ಕಾಂಕ್ರೀಟಿಗೆ 76 ಎಂದು ಬರೆದಿದ್ದರು. ಅವರ ಮೊತ್ತ 6300 ಆಯಿತು. ಎರಡನೆಯವರು ಕ್ರಮವಾಗಿ 10, 60, 96 ಎಂದು ಬರೆದು 6400ರಲ್ಲಿ ನಿಂತಿದ್ದರು. ನೂರು ಅಂಶ ಕಡಿಮೆ ಇದ್ದವರಿಗೆ ಕೆಲಸ ಹೋಯಿತು, ಯಾರಿಗೂ ತಕರಾರಿರಲಿಲ್ಲ. ಅಗೆಯಲು ಶುರು ಮಾಡಿದಾಗ ಬಂಡೆ 10 ಘನ ಮೀಟರಿಗೆ ನಿಲ್ಲಲಿಲ್ಲ, 30 ಘನ ಮೀಟರ್ ಆಯಿತು. ಮಣ್ಣಿನ ಅಗೆತ ಅಷ್ಟೇ ತಗ್ಗಿ 80ಕ್ಕೆ ಇಳಿಯಿತು. ಹಣ ಕೊಡುವುದು ನಿಜವಾಗಿ ಆದ ಪರಿಮಾಣಕ್ಕೆ ಆದ್ದರಿಂದ ಕೊನೆಯ ಬಿಲ್ಲು 800, 4500, 3800 ಸೇರಿ 9100 ಅಂಶವಾಯಿತು. ನಾವು ಕೈಬಿಟ್ಟ ಎರಡನೆಯ ಗುತ್ತಿಗೆದಾರರ ದರದಲ್ಲಿ ಅದೇ ಕೆಲಸ 800, 1800, 4800 ಸೇರಿ 7400ಕ್ಕೆ ಮುಗಿಯುತ್ತಿತ್ತು.

ಗುತ್ತಿಗೆದಾರರು ಮೋಸ ಮಾಡಿದರು ಎಂದು ಆಗ ಕಚೇರಿಯಲ್ಲಿ ಹಲವರು ಹೇಳಿದರು. ನಾನು ಅದನ್ನು ಒಪ್ಪಲಿಲ್ಲ, ಇಂದಿಗೂ ಒಪ್ಪುವುದಿಲ್ಲ. ಅವರು ಪಕ್ಕದ ಬೀದಿಯಲ್ಲಿ ಹಿಂದೆ ಕೆಲಸ ಮಾಡಿದ್ದರು, ನೆಲದಡಿಯಲ್ಲಿ ಏನಿದೆ ಎಂದು ತಿಳಿದಿದ್ದರು, ನನ್ನ ಪಟ್ಟಿಯಲ್ಲಿನ 10 ಎಂಬ ಅಂಕಿ ತಪ್ಪೆಂದು ನನಗಿಂತ ಮೊದಲೇ ಕಂಡುಕೊಂಡಿದ್ದರು. ಆ ಅಂಕಿಯನ್ನು ನಾನು ಬರೆದದ್ದು ಒಂದೇ ಒಂದು ಗುಂಡಿಯನ್ನೂ ತೋಡಿಸದೆ, ಇನ್ನೊಂದು ಕಾಮಗಾರಿಯ ಅಂದಾಜನ್ನು ನೋಡಿಕೊಂಡು. ತಪ್ಪು ನನ್ನದಾಗಿತ್ತು, ಅದರ ಬೆಲೆಯನ್ನು ತೆತ್ತದ್ದು ನಗರ.

ಅಲ್ಲಿಂದ ಮುಂದೆ ಅಗೆತವಿರುವ ಯಾವುದೇ ಕಾಮಗಾರಿಗೆ, ಅದೆಷ್ಟೇ ಚಿಕ್ಕದಾದರೂ, ಅಂದಾಜಿಗೆ ಮೊದಲೇ ಪರೀಕ್ಷಾ ಗುಂಡಿ ತೋಡಿಸುವುದನ್ನು ರೂಢಿಸಿಕೊಂಡೆ. ಇಷ್ಟು ಸಣ್ಣ ಕೆಲಸಕ್ಕೆ ಗುಂಡಿಯ ಖರ್ಚು ಏಕೆ ಎಂದು ಲೆಕ್ಕ ವಿಭಾಗದವರು ಕೇಳಿದಾಗ ಆ ಚರಂಡಿಯ ಎರಡು ಮೊತ್ತಗಳನ್ನು ಪಕ್ಕಪಕ್ಕದಲ್ಲಿ ಬರೆದು ಕಡತದಲ್ಲಿಟ್ಟೆ. ಮತ್ತೆ ಆ ಪ್ರಶ್ನೆ ಬರಲಿಲ್ಲ. ಎರಡನೆಯದಾಗಿ, ತುಲನಾತ್ಮಕ ಪಟ್ಟಿಯಲ್ಲಿ ಒಟ್ಟು ಮೊತ್ತದ ಜೊತೆಗೆ ಪ್ರತಿಯೊಂದು ಐಟಂನ ದರವೂ ಅಂದಾಜು ದರದ ಶೇಕಡಾ ಎಷ್ಟು ಎಂಬ ಕಲಂ ಸೇರಿಸಿದೆ. ಯಾವುದಾದರೂ ಐಟಂ ಶೇಕಡಾ 250ರಲ್ಲಿ ನಿಂತು ಉಳಿದವು 75ರಲ್ಲಿದ್ದರೆ ಅದು ಕಣ್ಣಿಗೆ ಬೀಳುತ್ತದೆ. ಆಗ ಅನುಮಾನವಿರುವ ಪರಿಮಾಣಗಳನ್ನು ಮೇಲೆ ಕೆಳಗೆ ಮಾಡಿ, ಮೊದಲ ಇಬ್ಬರ ಕ್ರಮ ಎಲ್ಲಿ ಅದಲುಬದಲಾಗುತ್ತದೆ ಎಂದು ನೋಡುತ್ತೇನೆ. ಮೇಲಿನ ಉದಾಹರಣೆಯಲ್ಲಿ ಬಂಡೆ 10ರಿಂದ 12 ಘನ ಮೀಟರಿಗೆ ಹೋದರೆ ಸಾಕು, ಮೊದಲನೆಯವರ ಮೊತ್ತ ಎರಡನೆಯವರದನ್ನು ದಾಟುತ್ತದೆ. ಅಷ್ಟು ಸಣ್ಣ ಅಂತರದ ಮೇಲೆ ಗುತ್ತಿಗೆ ನಿಂತಿದೆಯೆಂದು ಆ ದಿನ ನನಗೆ ತಿಳಿದಿದ್ದರೆ, ಲಕೋಟೆ ತೆರೆದ ಮೇಲೂ ಕಾರ್ಯಾದೇಶಕ್ಕೆ ಮೊದಲು ನೆಲವನ್ನು ತೋಡಿ ನೋಡುತ್ತಿದ್ದೆ. ಇಂಥ ಪರಿಶೀಲನೆ ನಡೆಯುತ್ತದೆ, ಅಗತ್ಯವಿದ್ದರೆ ಹೆಚ್ಚುವರಿ ಭದ್ರತಾ ಠೇವಣಿ ಕೇಳಲಾಗುತ್ತದೆ, ಪರಿಮಾಣ ಶೇಕಡಾ 25ಕ್ಕಿಂತ ಹೆಚ್ಚು ಬೆಳೆದರೆ ಮೀರಿದ ಭಾಗಕ್ಕೆ ದರ ಮರುನಿಗದಿಯಾಗುತ್ತದೆ ಎಂಬ ಮೂರೂ ಮಾತುಗಳನ್ನು ಟೆಂಡರ್ ದಾಖಲೆಯಲ್ಲಿ ಮೊದಲೇ ಬರೆಯಬೇಕು. ಲಕೋಟೆ ತೆರೆದ ಮೇಲೆ ಹೊಸ ನಿಯಮ ತಂದರೆ ಅದು ನ್ಯಾಯವಾಗುವುದಿಲ್ಲ.

ಐಟಂಗಳ ಒಕ್ಕಣೆಗೂ ಇದೇ ಮಾತು ಸಲ್ಲುತ್ತದೆ. ಅಗೆದ ಮಣ್ಣು ನೆಲದಲ್ಲಿದ್ದಾಗಿನಷ್ಟೇ ಗಾತ್ರದಲ್ಲಿ ಉಳಿಯುವುದಿಲ್ಲ. ಸಡಿಲಗೊಂಡು, ಸಾಧಾರಣ ಮಣ್ಣಾದರೆ ಸುಮಾರು ಶೇಕಡಾ 25ರಷ್ಟು ಉಬ್ಬುತ್ತದೆ. ಸಾಗಣೆಯನ್ನು ಗುಂಡಿಯ ಅಳತೆಯಲ್ಲಿ ಲೆಕ್ಕ ಹಾಕಬೇಕೋ ಲಾರಿಯ ಅಳತೆಯಲ್ಲೋ ಎಂದು ಬರೆಯದೆ ಬಿಟ್ಟರೆ, ಒಬ್ಬ ಗುತ್ತಿಗೆದಾರರು ಒಂದು ಅರ್ಥದಲ್ಲಿ ದರ ಹಾಕುತ್ತಾರೆ, ಇನ್ನೊಬ್ಬರು ಇನ್ನೊಂದರಲ್ಲಿ. ಆಗ ನಾವು ಹೋಲಿಸುವುದು ಎರಡು ಬೇರೆ ಬೇರೆ ಕೆಲಸಗಳ ಬೆಲೆಯನ್ನು. ಕಾಂಕ್ರೀಟಿನ ಗುಣಮಟ್ಟ ಬರೆಯುವಾಗಲೂ, 150 ಮಿಲಿಮೀಟರ್ ಘನಗಳ 28 ದಿನಗಳ ಪರೀಕ್ಷೆಯ ಖರ್ಚು ಯಾರದು ಎಂದು ಒಂದು ಸಾಲು ಸೇರಿಸಿದರೆ ಮುಂದಿನ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಅತಿ ಕಡಿಮೆ ದರದ ವಿಷಯದಲ್ಲಿ ನನ್ನನ್ನು ಇಂದಿಗೂ ಕಾಡುವ ಒಂದು ಪ್ರಕರಣವಿದೆ. ಶಾಲೆಯ ಕಾಂಪೌಂಡ್ ಗೋಡೆಗೆ ಯುವ ಗುತ್ತಿಗೆದಾರರೊಬ್ಬರು ಅಂದಾಜಿಗಿಂತ ಶೇಕಡಾ 30ರಷ್ಟು ಕಡಿಮೆ ಬರೆದಿದ್ದರು. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವಾಣಿಜ್ಯ ಕಾನೂನು ಆಯೋಗವು 2011ರಲ್ಲಿ ಹೊರತಂದ ಸಾರ್ವಜನಿಕ ಖರೀದಿಯ ಮಾದರಿ ಕಾನೂನಿನಲ್ಲಿ, ಅಸಹಜವಾಗಿ ಕಡಿಮೆಯಾದ ದರವನ್ನು ತಿರಸ್ಕರಿಸುವ ಮೊದಲು ಲಿಖಿತ ವಿವರಣೆ ಕೇಳಬೇಕು ಎಂಬ ಕ್ರಮವಿದೆ. ನಾವೂ ಹಾಗೆಯೇ ಪತ್ರ ಬರೆದೆವು. ಅವರು ಕಚೇರಿಗೆ ಬಂದು ತಮ್ಮ ಲೆಕ್ಕದ ಹಾಳೆ ಬಿಡಿಸಿದಾಗ, ಗಿಲಾವನ್ನು ಗೋಡೆಯ ಒಂದೇ ಮುಖಕ್ಕೆ ಲೆಕ್ಕ ಹಾಕಿದ್ದು ಕಾಣಿಸಿತು. "ಸರ್, ಎರಡೂ ಕಡೆ ಅಂತ ನಾನು ಓದಲೇ ಇಲ್ಲ" ಎಂದಷ್ಟೇ ಹೇಳಿ ಸುಮ್ಮನಾದರು. ಅವರು ಹಿಂದೆ ಸರಿದರು. ನಿಯಮದ ಪ್ರಕಾರ ಠೇವಣಿ ಮುಟ್ಟುಗೋಲಾಯಿತು. ಠೇವಣಿ ಹಿಂತಿರುಗಿಸಬಹುದೆಂದು ನಾನು ಕಡತದಲ್ಲಿ ಟಿಪ್ಪಣಿ ಬರೆದೆ, ಸಮಿತಿ ಒಪ್ಪಲಿಲ್ಲ. ಸಮಿತಿಯ ಕಾರಣ ದುರ್ಬಲವಾಗಿರಲಿಲ್ಲ, ಏಕೆಂದರೆ ಒಬ್ಬರಿಗೆ ಕೊಟ್ಟ ವಿನಾಯಿತಿಯನ್ನು ಮುಂದೆ ಬೇರೆ ಗುತ್ತಿಗೆದಾರರೊಂದಿಗೆ ಒಳಗೊಳಗೇ ಹೊಂದಿಕೊಂಡು ಹಿಂದೆ ಸರಿಯುವವರೂ ಕೇಳುತ್ತಾರೆ. ಆದರೂ ಆ ಹುಡುಗನ ಮುಖ ನನಗೆ ಮರೆಯುವುದಿಲ್ಲ. 1971ರಲ್ಲಿ ಮೂವರು ಪೆಟ್ರೋಲಿಯಂ ಎಂಜಿನಿಯರುಗಳು ತೈಲ ನಿಕ್ಷೇಪಗಳ ಹರಾಜಿನ ಬಗ್ಗೆ ಬರೆದ ಲೇಖನದಲ್ಲಿ, ಸರಿಯಾದ ಬೆಲೆ ಯಾರಿಗೂ ಖಚಿತವಾಗಿ ಗೊತ್ತಿಲ್ಲದ ಹರಾಜಿನಲ್ಲಿ ಗೆಲ್ಲುವವರು ಬಹುಮಟ್ಟಿಗೆ ಅಂದಾಜಿನಲ್ಲಿ ಎಲ್ಲರಿಗಿಂತ ಹೆಚ್ಚು ಎಡವಿದವರೇ ಆಗಿರುತ್ತಾರೆ ಎಂದು ತೋರಿಸಿದ್ದರು. ನಮ್ಮ ಟೆಂಡರಿನಲ್ಲಿ ಅದು ತಿರುಗುಮುರುಗಾಗಿ ಬರುತ್ತದೆ: ಖರ್ಚನ್ನು ಎಲ್ಲರಿಗಿಂತ ಕಡಿಮೆ ಅಂದಾಜಿಸಿದವರ ಕೈಗೆ ಕೆಲಸ ಹೋಗುತ್ತದೆ. ಆ ಗೋಡೆಯ ನಂತರ ಪ್ರತಿ ಟೆಂಡರಿಗೂ ಒಂದು ದಿನ ಎಲ್ಲ ಆಸಕ್ತರನ್ನೂ ಸ್ಥಳಕ್ಕೆ ಕರೆದು, ನಕ್ಷೆಯನ್ನು ಗೋಡೆಯ ಮುಂದೆಯೇ ಹಿಡಿದು ಓದಿ, ಕೇಳಿದ ಪ್ರಶ್ನೆ ಮತ್ತು ಕೊಟ್ಟ ಉತ್ತರ ಎರಡನ್ನೂ ಬಂದವರಿಗೂ ಬಾರದವರಿಗೂ ಲಿಖಿತವಾಗಿ ಕಳುಹಿಸತೊಡಗಿದೆ.

ಕಾಮಗಾರಿಯನ್ನು ತುಂಡು ಮಾಡುವ ಒತ್ತಡ ಎಲ್ಲ ಕಡೆಯಿಂದಲೂ ಬರುತ್ತದೆ. ಟೆಂಡರ್ ಇಲ್ಲದೆ ಕೊಡಬಹುದಾದ ಮಿತಿಯ ಕೆಳಗೆ ಬರುವಂತೆ ಒಂದೇ ರಸ್ತೆಯನ್ನು ನಾಲ್ಕು ಕಾಮಗಾರಿಗಳಾಗಿ ಬರೆಯುವುದು ಕೆಲವರಿಗೆ ತೀರಾ ಸಹಜವೆನಿಸಿಬಿಟ್ಟಿದೆ. ಒಂದೇ ಜಾಗ, ಒಂದೇ ಬಗೆಯ ಕೆಲಸ, ಒಂದೇ ಅವಧಿ ಎಂಬ ಮೂರೂ ಕೂಡಿದರೆ ಅದು ಒಂದೇ ಕಾಮಗಾರಿ ಎಂಬುದು ನಾನು ಹಿಡಿದುಕೊಂಡ ಅಳತೆಗೋಲು. ಇದಕ್ಕೆ ವಿರುದ್ಧವಾದ ದೋಷವೂ ಇದೆ. ದೂರದೂರದ ಹತ್ತಾರು ದುರಸ್ತಿಗಳನ್ನು ಒಂದೇ ಕಟ್ಟಾಗಿ ಕಟ್ಟಿದರೆ ಸಣ್ಣ ಗುತ್ತಿಗೆದಾರರು ಹತ್ತಿರವೂ ಸುಳಿಯಲಾರರು. ಕೆಲಸ ಪಡೆದ ದೊಡ್ಡವರು ಅದನ್ನೇ ಇವರಿಗೆ ಉಪಗುತ್ತಿಗೆಯಾಗಿ, ಇನ್ನೂ ಕಡಿಮೆ ದರಕ್ಕೆ ಹಂಚುತ್ತಾರೆ.

ಸ್ಪರ್ಧೆಯ ವಿಷಯದಲ್ಲಿ ನಾನು ಹೆಚ್ಚು ಕಲಿತದ್ದು ಟೆಂಡರ್ ಹಾಕದವರಿಂದ. ಒಂದು ಹಂತದಲ್ಲಿ ನಮ್ಮ ಸಣ್ಣ ಕಾಮಗಾರಿಗಳಿಗೆ ಇಬ್ಬರು ಮೂವರಿಗಿಂತ ಹೆಚ್ಚು ಮಂದಿ ಬರುತ್ತಿರಲಿಲ್ಲ. ಹಿಂದೆ ಚೆನ್ನಾಗಿ ಕೆಲಸ ಮಾಡಿ ಆಮೇಲೆ ನಮ್ಮತ್ತ ಬಾರದೆ ಹೋದ ನಾಲ್ವರನ್ನು ಮೇಲಧಿಕಾರಿಗಳ ಅನುಮತಿ ಪಡೆದು ಕರೆಸಿ ಮಾತಾಡಿದೆ. ದರಪಟ್ಟಿ ಹಳೆಯದಾಗಿದೆ ಎಂದು ದೂರುತ್ತಾರೆ ಎಂದುಕೊಂಡಿದ್ದೆ. ಅವರಲ್ಲಿ ಹಿರಿಯರೊಬ್ಬರು ಹೇಳಿದ್ದು ಬೇರೆ: "ಕೆಲಸ ಕಷ್ಟ ಅಂತ ಬಿಡಲಿಲ್ಲ ಸರ್. ಬಿಲ್ಲು ಯಾವಾಗ ಆಗುತ್ತೆ ಅಂತ ತಿಳಿಯದೆ ಬಿಟ್ಟೆವು." ಅವರ ಲೆಕ್ಕ ಸರಳವಾಗಿತ್ತು. ತಿಂಗಳಿಗೆ ಶೇಕಡಾ 2 ಬಡ್ಡಿಗೆ ಹಣ ತಂದು ಸಾಮಗ್ರಿ ಕೊಂಡವರಿಗೆ ಬಿಲ್ಲು 6 ತಿಂಗಳು ತಡವಾದರೆ ಆ ಹಣದ ಶೇಕಡಾ 12 ಬಡ್ಡಿಗೇ ಹೋಗುತ್ತದೆ, ಅಂದರೆ ಇಡೀ ಲಾಭ ಅಲ್ಲಿಗೆ ಮುಗಿಯುತ್ತದೆ. ತಾಳಿಕೊಳ್ಳಬಲ್ಲವರು ಆ ಬಡ್ಡಿಯನ್ನು ಮೊದಲೇ ದರದಲ್ಲಿ ಸೇರಿಸುತ್ತಾರೆ; ತಾಳಲಾರದವರು ಬರುವುದನ್ನೇ ಬಿಡುತ್ತಾರೆ. ನಮ್ಮ ಕಚೇರಿಯ ವಿಳಂಬ ನಮ್ಮ ಟೆಂಡರಿನ ಮೊತ್ತದೊಳಗೆ ಅಡಗಿ ಕುಳಿತಿದೆ ಎಂದು ಆವರೆಗೆ ನಾನು ಯೋಚಿಸಿರಲಿಲ್ಲ.

ಬಿಲ್ಲಿನ ಹಾದಿಯನ್ನು ನಾನೇ ಹಿಂಬಾಲಿಸಿ ನೋಡಿದೆ. ಅಳತೆ ಪುಸ್ತಕದಲ್ಲಿ ದಾಖಲಾದ ಮೇಲೆ ಅದು ಆರು ಮೇಜುಗಳನ್ನು ದಾಟುತ್ತಿತ್ತು, ಅದರಲ್ಲಿ ಎರಡು ಕಡೆ ನಡೆಯುತ್ತಿದ್ದದ್ದು ಒಂದೇ ಪರಿಶೀಲನೆ. ಒಂದನ್ನು ತೆಗೆಸಲು ಸಾಧ್ಯವಾಯಿತು. ಅಳತೆಯನ್ನು ಕೆಲಸ ಮುಗಿದ ವಾರದಲ್ಲೇ ಗುತ್ತಿಗೆದಾರರ ಸಮ್ಮುಖದಲ್ಲಿ ತೆಗೆದು ಇಬ್ಬರೂ ಸಹಿ ಹಾಕುವ ಪದ್ಧತಿ ತಂದೆ. ಜೊತೆಗೆ ಅರ್ಹತೆಯ ಷರತ್ತುಗಳನ್ನೂ ಮತ್ತೆ ಓದಿದೆ. ಉದ್ಯಾನದ ಬೇಲಿ ಹಾಕುವವರಿಂದ ಕಾಮಗಾರಿ ಮೊತ್ತದ ಮೂರು ಪಟ್ಟು ವಾರ್ಷಿಕ ವಹಿವಾಟು, ಸ್ವಂತ ಕಾಂಕ್ರೀಟ್ ಮಿಕ್ಸರಿನ ದಾಖಲೆ ಎಲ್ಲವನ್ನೂ ಕೇಳುತ್ತಿದ್ದೆವು. ಯಾವುದೋ ದೊಡ್ಡ ಕಾಮಗಾರಿಯ ದಾಖಲೆಯಿಂದ ಅವು ಹಾಗೆಯೇ ಇಳಿದು ಬಂದಿದ್ದವು. ಯಂತ್ರವನ್ನು ಬಾಡಿಗೆಗೆ ತಂದರೂ ಸಾಕು, ಅಂಥದೇ ಕೆಲಸ ಒಂದು ಮಾಡಿದ್ದರೆ ಸಾಕು ಎಂದು ತಿದ್ದಿದ ಮೇಲೆ ಲಕೋಟೆಗಳ ಸಂಖ್ಯೆ ನಿಧಾನವಾಗಿ ಏಳೆಂಟಕ್ಕೆ ಏರಿತು. ಇದರಿಂದ ಕಳಪೆ ಕೆಲಸ ಹೆಚ್ಚಾಗಲಿಲ್ಲ. ದೋಷ ಹೊಣೆಗಾರಿಕೆಯ ಅವಧಿ, ಅಂದರೆ ಕೆಲಸ ಮುಗಿದ ಮೇಲೂ ಅದರ ದೋಷಗಳಿಗೆ ಗುತ್ತಿಗೆದಾರರೇ ಹೊಣೆಯಾಗಿರುವ ಕಾಲ, ಮುಗಿಯುವವರೆಗೆ ಬಿಲ್ಲಿನ ಒಂದು ಭಾಗವನ್ನು ತಡೆಹಿಡಿಯುವ ಷರತ್ತನ್ನು ನಾವು ಸಡಿಲಿಸಿರಲಿಲ್ಲ.

ಬಂದವರು ಹೆಚ್ಚಿದ್ದಾರೆ ಎಂದ ಮಾತ್ರಕ್ಕೆ ಸ್ಪರ್ಧೆ ನಿಜವೆಂದು ನಂಬುವಂತಿಲ್ಲ. ಒಮ್ಮೆ ಮೂರು ಲಕೋಟೆಗಳಲ್ಲಿ ಒಂದೇ ಐಟಂನ ಗುಣಾಕಾರ ಒಂದೇ ರೀತಿ ತಪ್ಪಿತ್ತು, ಒಂದೇ ಪದದ ಕಾಗುಣಿತವೂ ಒಂದೇ ರೀತಿ ತಪ್ಪಿತ್ತು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಟೆಂಡರುದಾರರು ಒಳಗೊಳಗೇ ಹೊಂದಿಕೊಂಡಿರುವುದರ ಲಕ್ಷಣಗಳ ನಡುವೆ ಇಂಥ ಸಮಾನ ತಪ್ಪುಗಳನ್ನೂ ಪಟ್ಟಿ ಮಾಡಲಾಗಿದೆ. ಲಕ್ಷಣವೇ ಸಾಕ್ಷ್ಯವಲ್ಲವಾದ್ದರಿಂದ ನಾನು ಯಾರನ್ನೂ ಎದುರಿಗೆ ಪ್ರಶ್ನಿಸಲಿಲ್ಲ. ಮೂರೂ ದಾಖಲೆಗಳ ಪ್ರತಿಯೊಂದಿಗೆ ಮೇಲಧಿಕಾರಿಗಳಿಗೆ ವರದಿ ಸಲ್ಲಿಸಿದೆ, ಟೆಂಡರ್ ರದ್ದಾಗಿ ಮರುಟೆಂಡರ್ ಆಯಿತು. ಅಂದಿನಿಂದ ಗೆದ್ದವರ ದರವನ್ನಷ್ಟೇ ಅಲ್ಲದೆ ಸೋತವರ ದರಗಳನ್ನೂ ವರ್ಷಗಟ್ಟಲೆ ಒಂದೇ ವಹಿಯಲ್ಲಿ ಬರೆದಿಡುತ್ತ ಬಂದೆ. ಸರದಿಯ ಮೇಲೆ ಗೆಲ್ಲುವವರು ಯಾರು, ಯಾವಾಗಲೂ ಒಂದೇ ಅಂತರದಲ್ಲಿ ಸೋಲುವವರು ಯಾರು ಎಂಬುದು ಒಂದು ಟೆಂಡರಿನಲ್ಲಿ ಕಾಣುವುದಿಲ್ಲ, ಆ ವಹಿಯಲ್ಲಿ ಕಾಣುತ್ತದೆ.

ಫಲಿತಾಂಶ ಪ್ರಕಟಿಸಿದ ಮೇಲೆ ಕಾರ್ಯಾದೇಶಕ್ಕೆ ಮೊದಲು ಕೆಲವು ದಿನ ಬಿಡುವು ಕೊಟ್ಟು, ಸೋತ ಪ್ರತಿಯೊಬ್ಬರಿಗೂ ಅವರ ಸ್ಥಾನ ಮತ್ತು ಕಾರಣವನ್ನು ಪತ್ರದಲ್ಲಿ ತಿಳಿಸುವುದು ನಾನು ಕೊನೆಯಲ್ಲಿ ತಂದ ಬದಲಾವಣೆ. ಇದರಿಂದ ತಕರಾರು ಹೆಚ್ಚುತ್ತದೆ ಎಂದು ಕಚೇರಿಯಲ್ಲಿ ಹೆದರಿಸಿದವರಿದ್ದರು. ಆ ಬಿಡುವಿನ ದಿನಗಳಲ್ಲೇ, ಮೂರನೆಯ ಸ್ಥಾನದಲ್ಲಿದ್ದ ಒಬ್ಬರು ತುಲನಾತ್ಮಕ ಪಟ್ಟಿಯನ್ನು ಕೈಯಲ್ಲಿ ಹಿಡಿದು ಬಂದು, ಪಾದಚಾರಿ ಮಾರ್ಗದ ಅಂಚುಕಲ್ಲಿನ ಉದ್ದವನ್ನು ನಾವು ಕಡಿಮೆ ಬರೆದಿದ್ದೇವೆ, ತಿರುವಿನ ಭಾಗ ಬಿಟ್ಟುಹೋಗಿದೆ ಎಂದರು. ಮರುದಿನ ಇಬ್ಬರೂ ಟೇಪು ಹಿಡಿದು ಅಳೆದೆವು. ಅವರ ಮಾತು ಸರಿಯಾಗಿತ್ತು. ತಿದ್ದಿದ ಉದ್ದದಲ್ಲಿ ಲೆಕ್ಕ ಹಾಕಿದಾಗಲೂ ಗೆದ್ದವರ ಕ್ರಮ ಬದಲಾಗಲಿಲ್ಲವಾದ್ದರಿಂದ ಗುತ್ತಿಗೆ ಹಾಗೆಯೇ ಹೋಯಿತು. ಮುಂದಿನ ಬೀದಿಯ ಅಂದಾಜನ್ನು ನಾನು ತಿರುವುಗಳಿಂದ ಅಳೆಯಲು ಶುರು ಮಾಡಿದೆ.