ಐಸಿಯು ಬೆಡ್ ಸಿಕ್ಕಿದ್ದು ವಾರ್ಡಿನಲ್ಲಿ: ನನ್ನ ಅನುಭವ

ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ನಾನು ಇನ್‌ಚಾರ್ಜ್ ನರ್ಸ್. 18 ಬೆಡ್ ಇವೆ. ಎರಡು ವರ್ಷದ ಹಿಂದೆ ಕ್ಯಾಶುಯಾಲಿಟಿಯಿಂದ ನಮ್ಮಲ್ಲಿಗೆ ಪೇಶಂಟ್ ಬರಲು ಆರೇಳು ಗಂಟೆ ಹಿಡಿಯುತ್ತಿತ್ತು. ಈಗ ಹೆಚ್ಚುಕಮ್ಮಿ ಎರಡು ಗಂಟೆ ಸಾಕು. ಒಂದೇ ಒಂದು ಹೊಸ ಬೆಡ್ ಹಾಕಿಲ್ಲ. 'ಇದೆಲ್ಲ ಆಗುವ ಹೋಗುವ ಮಾತಲ್ಲ ಸಿಸ್ಟರ್' ಅಂದವರೇ ಈಗ ಬೇರೆ ಆಸ್ಪತ್ರೆ ಸೇರಿ, ಅಲ್ಲಿಂದ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಊರಿನ ಲೋಡ್ ನಿಮಗೆ ಗೊತ್ತೇ ಇದೆ. ಕಾಸರಗೋಡಿನವರು, ಭಟ್ಕಳದವರು, ಕೊಡಗಿನವರು, ಶಿರಾಡಿ–ಚಾರ್ಮಾಡಿ ಇಳಿದು ಬರುವವರು. ಮಳೆಗಾಲ ಬಂತೆಂದರೆ ಡೆಂಗಿ, ಇಲಿ ಜ್ವರ. 'ಬೆಡ್ ಉಂಟಾ?' ಅಂತ ಫೋನ್ ಬರುತ್ತಲೇ ಇರುತ್ತದೆ. ನಾವು ಇಲ್ಲ ಅನ್ನುತ್ತಲೇ ಇರುತ್ತಿದ್ದೆವು. ಆದರೆ ಬೆಳಗ್ಗೆ 8 ಗಂಟೆಗೆ ನೋಡಿದರೆ ಹದಿನೆಂಟರಲ್ಲಿ ನಾಲ್ಕೈದು ಜನ ವಾರ್ಡಿಗೆ ಹೋಗಬಹುದಾದವರೇ. ಎದ್ದು ಕೂತು ಇಡ್ಲಿ ತಿನ್ನುತ್ತಿರುತ್ತಾರೆ. ವಾರ್ಡಿನಲ್ಲಿ ಜಾಗ ಇಲ್ಲ, ಹಾಗಾಗಿ ಇಲ್ಲೇ ಇದ್ದಾರೆ.

ಮೊದಲು ದುಡ್ಡು ಹಾಳಾದ ಕತೆ. ಆಡಳಿತದವರು ಬೆಡ್ ತೋರಿಸುವ ಒಂದು ಸಾಫ್ಟ್‌ವೇರ್ ತಂದರು. ವರ್ಷಕ್ಕೆ ಎರಡು ಲಕ್ಷದ ಹತ್ತಿರ. ಖಾಲಿ ಇದ್ದರೆ ಹಸಿರು, ತುಂಬಿದ್ದರೆ ಕೆಂಪು. ಅಪ್‌ಡೇಟ್ ಮಾಡಬೇಕಾದವರು ನರ್ಸ್‌ಗಳು, ಅವರಿಗೆ ಡ್ರಿಪ್ ಬದಲಿಸಲೇ ಸಮಯ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಆ ಪರದೆಯನ್ನು ಯಾರೂ ನಂಬುತ್ತಿರಲಿಲ್ಲ. ಆಮೇಲೆ ವಾಟ್ಸಾಪ್ ಗ್ರೂಪ್. ಐವತ್ತು ಅರವತ್ತು ಜನ. 'ನೋಟೆಡ್' ಅಂತ ಉತ್ತರ ಬರುತ್ತಿತ್ತು, ಬೆಡ್ ಬರುತ್ತಿರಲಿಲ್ಲ. ಮೂರನೆಯದು ಸ್ಟೆಪ್‌ಡೌನ್, ಅಂದರೆ ಐಸಿಯುಗೂ ವಾರ್ಡಿಗೂ ನಡುವಿನ ಬೆಡ್. ಎರಡು ಬೆಡ್ಡಿಗೆ ಮಾನಿಟರ್, ಆಕ್ಸಿಜನ್ ಲೈನ್ ಎಲ್ಲ ಸೇರಿ ಏಳೆಂಟು ಲಕ್ಷ ಆಯಿತು. ಒಂದೇ ವಾರದಲ್ಲಿ ಅವೂ ತುಂಬಿದವು. ಅಲ್ಲಿಂದಲೂ ಹೊರಗೆ ದಾರಿ ಬೇಕಲ್ವಾ?

ಆಗ ನಾನು ಬೆಡ್ ಬಿಟ್ಟು ಫೈಲ್ ಹಿಂದೆ ಬಿದ್ದೆ. ವಾರ್ಡಿನಲ್ಲಿ ಡಿಸ್ಚಾರ್ಜ್ ಆಗುವ ಒಬ್ಬರ ಫೈಲ್ ಹಿಡಿದುಕೊಂಡು ದಿನವಿಡೀ ಜೊತೆಗೇ ನಡೆದೆ. ಒಂಬತ್ತೂವರೆಗೆ ಡಾಕ್ಟರ್ 'ಮನೆಗೆ ಹೋಗಬಹುದು' ಅಂದರು. ಡಿಸ್ಚಾರ್ಜ್ ಸಮ್ಮರಿ ಟೈಪ್ ಆಗುವಾಗ ಹನ್ನೊಂದು. ಮುಂದಿನದು ಫಾರ್ಮಸಿ ರಿಟರ್ನ್. ಉಳಿದ ಮಾತ್ರೆ, ಒಡೆಯದ ಆಂಟಿಬಯೋಟಿಕ್ ವಯಲ್, ಬಳಸದ ಕ್ಯಾನ್ಯುಲಾ ಎಲ್ಲವನ್ನೂ ಎಣಿಸಿ ವಾಪಸ್ ಕೊಡಬೇಕು. ಎರಡು ಸ್ಟ್ರಿಪ್‌ಗಳಲ್ಲಿ ಬ್ಯಾಚ್ ನಂಬರ್ ಇರುವ ತುದಿಯನ್ನೇ ಕತ್ತರಿಸಿ ಬಳಸಿದ್ದರು. ಫಾರ್ಮಸಿ ತೆಗೆದುಕೊಳ್ಳಲಿಲ್ಲ. ಅಟೆಂಡರ್ ಮೇಲೆ ಹೋದ, ಕೆಳಗೆ ಬಂದ, ಮತ್ತೆ ಮೇಲೆ ಹೋದ. ಆ ನೂರಿಪ್ಪತ್ತು ರೂಪಾಯಿಯ ಮಾತ್ರೆಗಾಗಿ ಬಿಲ್ ಕ್ಲೋಸ್ ಆಗಲಿಲ್ಲ. ಬಿಲ್ ಇಲ್ಲದೆ ಟಿಪಿಎಗೆ (ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಸಂಸ್ಥೆ) ಕಳಿಸುವ ಹಾಗಿಲ್ಲ. ಕಳಿಸುವಾಗ ಒಂದು ಗಂಟೆ ದಾಟಿತ್ತು, ಅನುಮತಿ ಬರುವಾಗ ಐದು. ರೂಮ್ ಕ್ಲೀನ್ ಆಗಿ ನಮ್ಮ ಪೇಶಂಟ್ ಐಸಿಯುನಿಂದ ಅಲ್ಲಿಗೆ ತಲುಪಿದ್ದು ರಾತ್ರಿ ಎಂಟರ ಮೇಲೆ. ಆ ಹೊತ್ತಿಗೆ ವಾರ್ಡಿನಲ್ಲಿ ಇಡೀ ಫ್ಲೋರಿಗೆ ಇಬ್ಬರೇ ಸಿಸ್ಟರ್. ಐಸಿಯುನಿಂದ ಶಿಫ್ಟ್ ಮಾಡುವುದಿದ್ದರೆ ಹಗಲಲ್ಲೇ ಆದಷ್ಟು ಬೇಗ ಮಾಡಿ, ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗೆ ಸಾಧ್ಯವಾದಷ್ಟು ಬೇಡ ಅಂತ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2007ರಲ್ಲೇ ಹೇಳಿದೆ. ನಾವು ದಿನಾ ಹಗಲನ್ನೆಲ್ಲ ಕಳೆದು ಕತ್ತಲಾದ ಮೇಲೆ ಶಿಫ್ಟ್ ಮಾಡುತ್ತಿದ್ದೆವು.

ಟಿಪಿಎ ಮೇಲೆ ಎಲ್ಲರೂ ತಪ್ಪು ಹೊರಿಸುತ್ತಾರೆ. 2024ರಲ್ಲಿ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಡಿಸ್ಚಾರ್ಜ್ ಅನುಮತಿಯನ್ನು 3 ಗಂಟೆಯೊಳಗೆ ಕೊಡಬೇಕು ಅಂತ ಸ್ಪಷ್ಟವಾಗಿ ಹೇಳಿತು. ಆದರೆ ಆ ಮೂರು ಗಂಟೆ ಶುರುವಾಗುವುದು ಆಸ್ಪತ್ರೆ ಕೇಳಿದ ಮೇಲೆ. ಒಂದು ಗಂಟೆಗೆ ಕಳಿಸಿದರೆ ನಾಲ್ಕರವರೆಗೆ ಅವರದು ತಪ್ಪೇ ಅಲ್ಲ.

ಹಾಗಾಗಿ ರಿಟರ್ನ್ ಅನ್ನು ಹಿಂದಿನ ದಿನ ಸಂಜೆಗೆ ತಂದೆವು. ನಾಳೆ ಹೋಗುವವರ ಔಷಧಿಯಲ್ಲಿ ರಾತ್ರಿಯ ಮತ್ತು ಬೆಳಗಿನ ಡೋಸ್ ಮಾತ್ರ ಇಟ್ಟುಕೊಂಡು ಉಳಿದದ್ದು ಐದು ಗಂಟೆಗೆ ಕೆಳಗೆ ಹೋಗಬೇಕು. ಸ್ಟ್ರಿಪ್‌ನಲ್ಲಿ ಬ್ಯಾಚ್ ನಂಬರ್ ಇರುವ ತುದಿಯನ್ನು ಕೊನೆಗೆ ಕತ್ತರಿಸಬೇಕು. ಸಮ್ಮರಿಯ ಕರಡು ರಾತ್ರಿ ಡ್ಯೂಟಿ ಡಾಕ್ಟರದ್ದು. ಫಾರ್ಮಸಿಯವರು ಒಪ್ಪಲಿಲ್ಲ, ಸಂಜೆಗೆ ಇನ್ನೊಬ್ಬರು ಬೇಕು ಅಂದರು. ತಿಂಗಳಿಗೆ ಹದಿನಾಲ್ಕೋ ಹದಿನೈದೋ ಸಾವಿರದ ಸಂಬಳ. ಅಷ್ಟಕ್ಕೆ ಎರಡು ತಿಂಗಳು ಓಡಾಡಿದೆ. ಏಳೆಂಟು ಲಕ್ಷಕ್ಕೆ ಸಹಿ ಹಾಕಿದವರು ಇದಕ್ಕೆ ಮೂರು ಮೀಟಿಂಗ್ ಕರೆದರು. ಈಗ ಹೆಚ್ಚಿನ ಬಿಲ್ ಬೆಳಗ್ಗೆ ಹತ್ತರ ಒಳಗೆ ಟಿಪಿಎಗೆ ಹೋಗುತ್ತದೆ.

ಐಸಿಯು ಕಡೆಯಲ್ಲಿ ಮಾಡಿದ್ದು ಷರತ್ತಿನ ಆರ್ಡರ್. ರಾತ್ರಿ ಒಂಬತ್ತಕ್ಕೇ ಬರೆದಿಡುವುದು: ನೋರ್‌ಅಡ್ರಿನಲಿನ್ (ಬಿಪಿ ಬೀಳದಂತೆ ಕೊಡುವ ಔಷಧಿ) ನಿಂತು 12 ಗಂಟೆ ಆಗಿರಬೇಕು, ಆಕ್ಸಿಜನ್ ನಿಮಿಷಕ್ಕೆ 4 ಲೀಟರ್ ಒಳಗೆ ಸಾಕಾಗಬೇಕು, ಯೂರಿನ್ ಸರಿ ಇರಬೇಕು, ಎಚ್ಚರ ಇರಬೇಕು. ಬೆಳಗ್ಗೆ ಇವೆಲ್ಲ ಸರಿ ಇದ್ದರೆ ಹತ್ತರೊಳಗೆ ಶಿಫ್ಟ್, ಮತ್ತೆ ರೌಂಡ್ಸ್‌ಗೆ ಕಾಯುವ ಹಾಗಿಲ್ಲ. ಓಪಿಡಿ ಮುಗಿಸಿ ಎರಡು ಗಂಟೆಗೆ ಬರುತ್ತಿದ್ದ ಸರ್ಜನ್‌ಗಳು ಇದಕ್ಕೆ ಒಪ್ಪಿದ್ದು ಹೇಗೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನಾನು ಕಷ್ಟಪಟ್ಟು ಕಂಡುಕೊಂಡ ದಾರಿ.

ಇನ್ನೊಂದು, ವಾರ್ಡಿನ ಸಿಸ್ಟರ್ ಸಂಜೆಯೇ ಐಸಿಯುಗೆ ಬಂದು ಪೇಶಂಟನ್ನು ನೋಡಿ ಹೋಗುತ್ತಾರೆ. ಟ್ಯೂಬ್ ಎಲ್ಲಿದೆ, ಯಾವ ಕಡೆ ಮಲಗಿಸಿದರೆ ಕಫ ಬರುತ್ತದೆ, ರಾತ್ರಿ ಗಾಬರಿ ಆಗುತ್ತಾರಾ ಅಂತ ಕಣ್ಣಾರೆ ನೋಡಿದ ಮೇಲೆ ಬೆಳಗ್ಗೆ ಅವರೇ 'ಕಳಿಸಿ' ಅಂತ ಫೋನ್ ಮಾಡುತ್ತಾರೆ. ಭಯ ಹೋದರೆ ಅರ್ಧ ಕೆಲಸ ಮುಗಿದ ಹಾಗೆ.

ಮನೆಯವರ ಮಾತು ಬೇರೆ. 'ದುಬೈಯಿಂದ ಮಗ ಬರುವವರೆಗೆ ಐಸಿಯುನಲ್ಲೇ ಇರಲಿ' ಅನ್ನುವುದು ಇಲ್ಲಿ ವಾರಕ್ಕೆ ಒಂದಾದರೂ ಇದ್ದೇ ಇರುತ್ತದೆ. ಬೆಳಗ್ಗೆ ಟ್ರಾಲಿ ತಂದು ನಿಲ್ಲಿಸಿ ಹೇಳಿದರೆ ಜಗಳ ಗ್ಯಾರಂಟಿ. ಹಿಂದಿನ ದಿನ ವಿಸಿಟಿಂಗ್ ಅವರ್‌ನಲ್ಲಿ ಹೇಳಬೇಕು. ತುಳುವಿನವರಿಗೆ ತುಳುವಿನಲ್ಲಿ, ಬ್ಯಾರಿಯವರಿಗೆ ಬ್ಯಾರಿಯಲ್ಲಿ, ಮಲಯಾಳದವರಿಗೆ ಮಲಯಾಳದಲ್ಲಿ. ಬೆಡ್ ಪಕ್ಕದಿಂದಲೇ ಮಗನಿಗೆ ವಿಡಿಯೋ ಕಾಲ್ ಹಾಕಿ, ಅಪ್ಪನೇ ಮಾತಾಡಲಿ. ಇಲ್ಲಿಯವರೆಗೆ ಇದು ಸೋತದ್ದು ತುಂಬಾ ಕಡಿಮೆ.

ನಡುವೆ ಕೆಲವು ಸಣ್ಣ ಪ್ರಯೋಗಗಳೂ ಆದವು. ಡಿಸ್ಚಾರ್ಜ್ ಆದವರು ಬಿಲ್ ಬರುವವರೆಗೆ ಕೂರಲು ಒಂದು ಕೋಣೆ ಮಾಡಿದೆವು. ಯಾರೂ ಹೋಗಲಿಲ್ಲ, ಹೊರಗೆ ಹಾಕಿದ ಹಾಗಾಗುತ್ತದೆ ಅಂದರು. ಕ್ಯಾಂಟೀನ್‌ನವರನ್ನು ಹಿಡಿದು ಅಲ್ಲಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಚಟ್ನಿ ಇಡಿಸಿದೆ. ಒರಗುವ ಕುರ್ಚಿ ನಾಲ್ಕು ತಂದೆವು. ಈಗ ಮಧ್ಯಾಹ್ನ ತುಂಬಿರುತ್ತದೆ, ಖರ್ಚು ತಲೆಗೆ ಮೂವತ್ತು ರೂಪಾಯಿಯೂ ಇಲ್ಲ. ಲಿಫ್ಟ್ ವಿಷಯದಲ್ಲಿ ಸೋತೆವು. ನಾಲ್ಕರಿಂದ ಆರು ವಿಸಿಟರ್ಸ್ ಇರುವಾಗ ಕೀಲಿ ಹಾಕಿ ನಿಲ್ಲಿಸಿದರೂ ಜನ ನುಗ್ಗುತ್ತಾರೆ. ಸುಮ್ನೆ ಆ ಹೊತ್ತಿನಲ್ಲಿ ಶಿಫ್ಟ್ ಇಟ್ಟುಕೊಳ್ಳುವುದನ್ನೇ ಬಿಟ್ಟೆವು. ಶಿಫ್ಟಿಂಗ್‌ಗೆಂದೇ ಒಂದು ಟ್ರಾಲಿ ಇಟ್ಟಿದ್ದೇವೆ, ಜೊತೆಗೆ ಪೋರ್ಟಬಲ್ ಮಾನಿಟರ್ ಮತ್ತು ಬಿ ಟೈಪ್ ಸಿಲಿಂಡರ್. ಸಿಲಿಂಡರ್ ತುಂಬಿದ್ದರೆ ಸುಮಾರು 1500 ಲೀಟರ್, ನಿಮಿಷಕ್ಕೆ 10 ಲೀಟರ್ ಹರಿವಿಗೆ ಎರಡೂವರೆ ಗಂಟೆ ಬರುತ್ತದೆ. ಸಿಲಿಂಡರ್ ತೆರೆಯುವ ಕೀಲಿ ಅದರ ಕುತ್ತಿಗೆಗೇ ಕಟ್ಟಿರಬೇಕು, ಇಲ್ಲದಿದ್ದರೆ ಹುಡುಕುವುದರಲ್ಲೇ ಕಾಲು ಗಂಟೆ ಹೋಗುತ್ತದೆ.

ಎಲ್ಲರ ಹೆದರಿಕೆ ಒಂದೇ ಇತ್ತು: ಬೇಗ ಕಳಿಸಿದರೆ ಪೇಶಂಟ್ ವಾಪಸ್ ಬರುತ್ತಾರೆ. 48 ಗಂಟೆಯೊಳಗೆ ಐಸಿಯುಗೆ ಮರಳಿದವರ ಲೆಕ್ಕವನ್ನು ನಾನೇ ಪುಸ್ತಕದಲ್ಲಿ ಬರೆದಿಟ್ಟೆ. ಮೊದಲು ತಿಂಗಳಿಗೆ ನಾಲ್ಕೈದು ಇದ್ದದ್ದು ಈಗ ಎರಡು ಮೂರು. ಹಗಲು ಹೋದವರನ್ನು ವಾರ್ಡಿನ ಪೂರ್ತಿ ಸ್ಟಾಫ್ ನೋಡಿಕೊಳ್ಳುತ್ತಾರೆ, ಅದೇ ಕಾರಣ ಅಂತ ನನ್ನ ನಂಬಿಕೆ. ಆ ಪುಸ್ತಕ ಮೇಜಿನ ಮೇಲಿಟ್ಟ ದಿನ ಮೀಟಿಂಗ್‌ನಲ್ಲಿ ಎದುರು ಮಾತು ಬರಲಿಲ್ಲ.

ಭಾನುವಾರ ಇನ್ನೂ ಕೈಗೆ ಸಿಕ್ಕಿಲ್ಲ. ಬಿಲ್ಲಿಂಗ್‌ನಲ್ಲಿ ಒಬ್ಬರೇ ಇರುತ್ತಾರೆ, ಸೋಮವಾರ ಬೆಳಗ್ಗೆ ಕ್ಯಾಶುಯಾಲಿಟಿ ಮತ್ತೆ ತುಂಬಿರುತ್ತದೆ. ಅರ್ಧ ದಿನಕ್ಕೆ ಇನ್ನೊಬ್ಬರನ್ನು ಕೊಡಿ ಅಂತ ಅರ್ಜಿ ಹಾಕಿದ್ದೇನೆ. ಈ ಸಲ ಮೂರು ಮೀಟಿಂಗ್ ಬೇಕಾಗಲಿಕ್ಕಿಲ್ಲ.