‘ಸರ್ ಬಂದಾರ’ ಅಂದ್ರ ‘ದೇ’ ಅಲ್ಲ: ಮಕ್ಕಳಿಗೆ ನೌನ್, ಪ್ರೋನೌನ್ ಕಲಿಸುವಾಗ

ನಾಮಪದ, ಸರ್ವನಾಮ ಮಕ್ಕಳಿಗೆ ಹೊಸದಲ್ಲ. ಕನ್ನಡದಲ್ಲಿ ದಿನವೂ ಆಡುತ್ತಾರೆ. ಆ ಕನ್ನಡದ ರೂಢಿಯೇ ಇಂಗ್ಲಿಷಿನಲ್ಲಿ ಕಾಲು ತೊಡರಿಸುತ್ತದೆ. ಎಡವುವ ಜಾಗ ಮೊದಲು ತೋರಿಸಿ, ವ್ಯಾಖ್ಯೆಯ ಬಾಯಿಪಾಠ ಆಮೇಲಿರಲಿ.

ಬೋರ್ಡಿನ ಎಡಕ್ಕೆ ಊರು, ಹುಡುಗಿ, ಹೊಳೆ. ಬಲಕ್ಕೆ ಗಂಗಾವತಿ, ತರಗತಿಯ ಒಬ್ಬಳ ಹೆಸರು, ತುಂಗಭದ್ರಾ. ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆಯಿರಿ. ಬಲಗಡೆಯವು ಪ್ರಾಪರ್ ನೌನ್, ಮೊದಲಕ್ಷರ ಕ್ಯಾಪಿಟಲ್. ನಮ್ಮ ಲಿಪಿಯಲ್ಲಿ ಕ್ಯಾಪಿಟಲ್ ಇಲ್ಲವಾದ್ದರಿಂದ ಮಕ್ಕಳು ಮರೆಯುತ್ತಲೇ ಇರುತ್ತಾರೆ. ಬೈದು ಉಪಯೋಗವಿಲ್ಲ.

ಬಹುವಚನದ ತೊಡಕು ಬೇರೆ. ನಾವು ‘ಎರಡು ಚೀಲ’, ‘ಐದು ರೂಪಾಯಿ’ ಎನ್ನುತ್ತೇವೆ; ಸಂಖ್ಯೆ ಬಂದರೆ ‘ಗಳು’ ಬೇಕಿಲ್ಲ. ಅದಕ್ಕೇ ಮಗು ‘ಟೂ ಬ್ಯಾಗ್’ ಎಂದು ಬರೆಯುತ್ತದೆ. ಇಂಗ್ಲಿಷಿಗೆ ಸಂಖ್ಯೆಯೂ ಬೇಕು, ಎಸ್ಸೂ ಬೇಕು: ಟೂ ಬ್ಯಾಗ್ಸ್, ಫೈವ್ ರುಪೀಸ್. ಅಕ್ಕಿಗೆ ಮಾತ್ರ ಎಸ್ ಹತ್ತದು: ಟೂ ಬ್ಯಾಗ್ಸ್ ಆಫ್ ರೈಸ್. ಎಣಿಸಿದ್ದು ಚೀಲ, ಅಕ್ಕಿಯಲ್ಲ. ಬಳ್ಳಾರಿಯ ಜೀನ್ಸ್ ಇದಕ್ಕೆ ಉಲ್ಟಾ: ಒಂದೇ ಪ್ಯಾಂಟಿದ್ದರೂ ‘ಮೈ ಜೀನ್ಸ್ ಆರ್ ಬ್ಲೂ’.

ಪ್ರೋನೌನ್‌ನಲ್ಲಿ ಹೆಚ್ಚು ಹೊತ್ತು ಕಳೆಯಿರಿ. ‘ಅವ್ವ ಬಂದಾಳ’ ಎಂದರೆ ‘ಶಿ’ ಸಲೀಸಾಗಿ ಬರುತ್ತದೆ. ‘ಸರ್ ಬಂದಾರ’ ಎಂದಾಗ ‘ಅವರು’ ಹಿಡಿದು ಮಗು ‘ದೇ’ ಬರೆಯುತ್ತದೆ. ಇಂಗ್ಲಿಷ್ ‘ಹಿ’ಯಲ್ಲಿ ಮರ್ಯಾದೆ ಕಡಿಮೆಯಾಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ. ‘ಎಷ್ಟು ಮಂದಿ ಬಂದಾರ?’ ಎಂದು ಕೇಳಿ. ಒಬ್ಬರಾದರೆ ‘ಹಿ’ ಇಲ್ಲವೇ ‘ಶಿ’. ಎಮ್ಮೆಗಳಿಗೆ ನಾವು ‘ಅವು’ ಎಂದರೂ ಇಂಗ್ಲಿಷಿನಲ್ಲಿ ‘ದೇ’ ಒಂದೇ.

‘ನನಗ’ ಇನ್ನೂ ಮೋಸದ್ದು. ‘ನನಗ ಕೊಡು’ ಎಂದರೆ ‘ಗಿವ್ ಮಿ’. ಆದರೆ ‘ನನಗ ಹಸಿವಾಗ್ಯಾದ’ ಎಂಬುದು ‘ಐ ಆಮ್ ಹಂಗ್ರಿ’, ‘ನನಗ ಗೊತ್ತದ’ ಎಂಬುದು ‘ಐ ನೋ’. ಪದಕ್ಕೆ ಪದ ಇಟ್ಟರೆ ‘ಮಿ ಹಂಗ್ರಿ’ ಆಗುತ್ತದೆ. ಸದ್ಯಕ್ಕೆ ಇಷ್ಟು ಸಾಕು: ಕ್ರಿಯಾಪದದ ಮುಂಚೆ ‘ಐ’, ಆಮೇಲೆ ‘ಮಿ’. ‘ಐ’ ವಾಕ್ಯದ ನಡುವೆ ಬಂದರೂ ಕ್ಯಾಪಿಟಲ್ಲೇ.

‘ಉಂಡೆ’ ಎಂದರೆ ನಮಗೆ ‘ನಾನು’ ಅದರಲ್ಲೇ ಬಂತು. ಇಂಗ್ಲಿಷಿನಲ್ಲಿ ‘ಐ’ ಬಿಡುವಂತಿಲ್ಲ: ‘ಐ ಏಟ್’.

ಅಭ್ಯಾಸಕ್ಕೆ ಒಂದೇ ಹೆಸರು ಮೂರು ಸಲ ಬರುವ ನಾಲ್ಕು ಸಾಲು ಕೊಡಿ. ಮೊದಲನೆಯದನ್ನು ಬಿಟ್ಟು ಉಳಿದೆರಡು ಹೊಡೆದುಹಾಕಿ ಪ್ರೋನೌನ್ ಬರೆಯಲಿ. ಅದೇ ಸಾಲುಗಳಲ್ಲಿ ಇಬ್ಬರು ಹುಡುಗಿಯರನ್ನು ತರಬೇಡಿ. ಆ ‘ಶಿ’ ಯಾರೆಂದು ತಿದ್ದುವ ನಿಮಗೂ ತಿಳಿಯದು.